ಅಡಾಸಿಟಿ, ರೀಪರ್, ಆಡಿಷನ್: ಕನ್ನಡ ಓದಿನ ಧ್ವನಿಯನ್ನು ತಿದ್ದುವಾಗ ಯಾವುದು ಕೈಗೆ ಹಗುರ?

ಕಥೆಯನ್ನೋ ಪ್ರಬಂಧವನ್ನೋ ಓದಿ ಧ್ವನಿಮುದ್ರಿಸುವುದಕ್ಕಿಂತ ಅದನ್ನು ತಿದ್ದಿ ಕೇಳುವ ಹದಕ್ಕೆ ತರುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ ಎಂಬುದು ಈ ಕೆಲಸಕ್ಕೆ ಕೈಹಾಕಿದ ಯಾರಿಗಾದರೂ ಗೊತ್ತಿರುವ ಸಂಗತಿ. ತಡವರಿಸಿದ ಸಾಲು, ಎರಡನೆಯ ಸಲ ಓದಿದ ವಾಕ್ಯ, ಜೋರಾಗಿ ಎಳೆದುಕೊಂಡ ಉಸಿರು, ಪುಟ ತಿರುವಿದ ಸದ್ದು, ಕಿಟಕಿಯಾಚೆ ಹಾದುಹೋದ ಆಟೋ, ಇವೆಲ್ಲವನ್ನೂ ಹುಡುಕಿ ತೆಗೆಯಬೇಕು. ಬಸವನಗುಡಿಯ ನಮ್ಮ ಮನೆಯ ಕೋಣೆಯೊಂದರಲ್ಲಿ ಮುದ್ರಿಸಿದ ಓದುಗಳನ್ನು ಅಡಾಸಿಟಿ, ರೀಪರ್ ಮತ್ತು ಅಡೋಬಿ ಆಡಿಷನ್ ಎಂಬ ಮೂರು ತಂತ್ರಾಂಶಗಳಲ್ಲಿಯೂ ತಿದ್ದಿ ನೋಡಿದ್ದೇನೆ. ಸಂಗೀತ ಸಂಯೋಜನೆಗೆ ಯಾವುದು ಮೇಲು ಎಂಬ ಪ್ರಶ್ನೆ ಇಲ್ಲಿಲ್ಲ. ಒಂದು ತಪ್ಪನ್ನು ತೆಗೆಯಲು ಕೈ ಎಷ್ಟು ಸಲ ಆಡಬೇಕು ಎಂಬುದೊಂದೇ ನನ್ನ ಅಳತೆಗೋಲು.

ಹೊಸಬರು ಸಾಮಾನ್ಯವಾಗಿ ಮೊದಲು ತೆರೆಯುವುದು ಅಡಾಸಿಟಿಯನ್ನು. 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಜೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಆರಂಭಿಸಿದ ಈ ತಂತ್ರಾಂಶ ಉಚಿತವಾದುದು, ಮುಕ್ತ ಆಕರದ್ದು. 2021ರಿಂದ ಮ್ಯೂಸ್ ಗ್ರೂಪ್‌ನ ಒಡೆತನದಲ್ಲಿದೆ. ಇದರಲ್ಲಿ ಬಹಳಷ್ಟು ಜನ ಮೌಸ್ ಹಿಡಿದೇ ಕೆಲಸ ಮಾಡುತ್ತಾರೆ, ಆಮೇಲೆ ಇದು ನಿಧಾನ ಎಂದು ದೂರುತ್ತಾರೆ. ಆ ದೂರು ಅರ್ಧ ಮಾತ್ರ ನಿಜ. ಧ್ವನಿ ಓಡುತ್ತಿರುವಾಗಲೇ ತಪ್ಪು ಆರಂಭವಾಗುವಲ್ಲಿ ಎಡ ಚೌಕಾವರಣದ ‘[’ ಕೀಯನ್ನೂ ಮುಗಿಯುವಲ್ಲಿ ಬಲ ಚೌಕಾವರಣದ ‘]’ ಕೀಯನ್ನೂ ಒತ್ತಿದರೆ ಆ ಭಾಗ ಆಯ್ಕೆಯಾಗುತ್ತದೆ. ಬಳಿಕ ‘ಸಿ’ ಒತ್ತಿದರೆ, ಆಯ್ದ ಭಾಗವನ್ನು ಬಿಟ್ಟು ಹಿಂದಿನದನ್ನೂ ಮುಂದಿನದನ್ನೂ ಜೋಡಿಸಿ ಕೇಳಿಸುತ್ತದೆ, ಅಂದರೆ ಕತ್ತರಿಸುವ ಮೊದಲೇ ಕತ್ತರಿಸಿದ ಫಲ ಕಿವಿಗೆ ಬೀಳುತ್ತದೆ. ‘ಝಡ್’ ಒತ್ತಿದರೆ ಆಯ್ಕೆಯ ಎರಡೂ ತುದಿಗಳು ಅಲೆಯು ಶೂನ್ಯವನ್ನು ದಾಟುವ ಬಿಂದುವಿಗೆ ಸರಿಯುವುದರಿಂದ ಜೋಡಣೆಯಲ್ಲಿ ‘ಟಕ್’ ಎಂಬ ಸದ್ದು ಬರುವುದಿಲ್ಲ. ಕೊನೆಗೆ ಡಿಲೀಟ್. ‘ಸಿ’ ಕೀಯ ಈ ಸೌಕರ್ಯವನ್ನು ನಾನು ಬಹುವಾಗಿ ಮೆಚ್ಚುತ್ತೇನೆ.

ಆದರೂ ಒಂದು ತಪ್ಪಿಗೆ ಐದು ಕೀ ಆದವು, ಮೇಲಾಗಿ ಅಳಿಸುವ ಮುನ್ನ ಓಡುತ್ತಿರುವ ಧ್ವನಿ ನಿಲ್ಲಬೇಕು. ಹತ್ತು ನಿಮಿಷದ ಓದಿಗೆ ಇದು ಲೆಕ್ಕಕ್ಕೆ ಬಾರದ ಶ್ರಮ. ಕಾದಂಬರಿಯ ಒಂದು ಇಡೀ ಅಧ್ಯಾಯಕ್ಕೆ ಮಣಿಕಟ್ಟು ನೋಯಿಸುವಷ್ಟು ಶ್ರಮ.

ರೀಪರ್ ಗೆಲ್ಲುವುದು ಇಲ್ಲಿಯೇ. ವಿನ್‌ಆಂಪ್ ಎಂಬ ಹಾಡು ಕೇಳಿಸುವ ತಂತ್ರಾಂಶವನ್ನು ರೂಪಿಸಿ ಹೆಸರಾದ ಜಸ್ಟಿನ್ ಫ್ರ್ಯಾಂಕೆಲ್ ಅವರ ಕಾಕೋಸ್ ಸಂಸ್ಥೆಯ ಈ ತಂತ್ರಾಂಶ ಮೊದಲ ನೋಟಕ್ಕೆ ಗಾಬರಿ ಹುಟ್ಟಿಸುವಂತಿದೆ, ಮೆನುವಿನೊಳಗೆ ಮೆನು, ಅದರೊಳಗೆ ಇನ್ನೊಂದು. ಆದರೆ ಪ್ರಶ್ನಾರ್ಥಕ ಚಿಹ್ನೆಯ ಕೀ ಒತ್ತಿದರೆ ತೆರೆದುಕೊಳ್ಳುವ ‘ಆಕ್ಷನ್ಸ್’ ಪಟ್ಟಿಯಲ್ಲಿ ಇದರ ಸತ್ವವೆಲ್ಲ ಅಡಗಿದೆ: ತಂತ್ರಾಂಶ ಮಾಡಬಲ್ಲ ಪ್ರತಿಯೊಂದು ಕೆಲಸವೂ ಅಲ್ಲಿ ಸಾಲಾಗಿದ್ದು, ಬೇಕಾದವನ್ನು ಒಂದರ ಹಿಂದೊಂದು ಪೋಣಿಸಿ ನಮ್ಮದೇ ಆದ ಒಂದು ಕೀಗೆ ಕಟ್ಟಬಹುದು. ನಾನು ಕಟ್ಟಿಕೊಂಡಿರುವುದು ಇಷ್ಟು. ಧ್ವನಿ ಓಡುತ್ತಿರುವಾಗ ಕೆಟ್ಟ ಸಾಲಿನ ಆರಂಭದಲ್ಲಿ ‘ಎಸ್’ ಒತ್ತಿದರೆ ಟ್ರ್ಯಾಕ್ ಅಲ್ಲಿ ತುಂಡಾಗುತ್ತದೆ. ಸರಿಯಾದ ಓದು ಆರಂಭವಾದಲ್ಲಿ ನನ್ನ ಕೀ ಒತ್ತಿದರೆ ಅಲ್ಲಿಯೂ ತುಂಡಾಗಿ, ನಡುವಿನ ತುಣುಕು ಅಳಿದು, ಮುಂದಿನದೆಲ್ಲ ಹಿಂದಕ್ಕೆ ಸರಿದು ಅಂಟಿಕೊಂಡು, ಕರ್ಸರ್ ತುಸು ಹಿಂದೆ ಹೋಗಿ, ಜೋಡಣೆಯನ್ನು ತಾನಾಗಿ ಕೇಳಿಸುತ್ತದೆ. ಎರಡು ಕೀಗಳಲ್ಲಿ ತಿದ್ದುವುದೂ ಆಯಿತು, ಪರೀಕ್ಷೆಯೂ ಆಯಿತು. ತುಂಡಾದ ಅಂಚುಗಳಿಗೆ ರೀಪರ್ ತಾನೇ ಕಿರಿದಾದ ಫೇಡ್, ಅಂದರೆ ಧ್ವನಿಯ ಮೆಲ್ಲನೆಯ ಏರಿಳಿತ, ಹಾಕುವುದರಿಂದ ಶೂನ್ಯಬಿಂದುವಿನ ಚಿಂತೆಯೂ ಇಲ್ಲ.

ಈ ಕ್ರಮಕ್ಕೆ ಒಂದು ತೊಡಕಿದೆ. ತಪ್ಪು ಕಿವಿಗೆ ಬಿದ್ದು ಬೆರಳು ಆಡುವಷ್ಟರಲ್ಲಿ ಅದು ಆರಂಭವಾಗಿ ಹೋಗಿರುತ್ತದೆ. ಆದ್ದರಿಂದ ಮುದ್ರಿಸುವಾಗಲೇ, ತಡವರಿಸಿದ ಕೂಡಲೇ ‘ಎಮ್’ ಒತ್ತಿ ಮಾರ್ಕರ್ ಎಂಬ ಗುರುತು ಹಾಕಿ, ವಾಕ್ಯವನ್ನು ಮೊದಲಿನಿಂದ ಓದುವುದು ಒಳ್ಳೆಯದು. ತಿದ್ದುವಾಗ ತಪ್ಪಿನಿಂದ ತಪ್ಪಿಗೆ ನೇರವಾಗಿ ಹಾರಬಹುದು. ಅಡಾಸಿಟಿಯಲ್ಲಿಯೂ ಕಂಟ್ರೋಲ್ ಮತ್ತು ‘ಎಮ್’ ಕೂಡಿಸಿ ಒತ್ತಿ ಲೇಬಲ್ ಹಾಕಬಹುದು, ಆದರೆ ಆ ಲೇಬಲ್ ಹೆಸರು ಬರೆಯಲೆಂದು ಬಾಯಿ ತೆರೆದು ಕಾಯುತ್ತಿರುತ್ತದೆ, ಓದಿನ ಲಯ ಕೆಡುತ್ತದೆ. ರೀಪರ್‌ನಲ್ಲಿ ಅಳಿಸಿದ ಬಳಿಕ ಮುಂದಿನದು ಹಿಂದಕ್ಕೆ ಸರಿಯುವ ‘ರಿಪಲ್’ ವ್ಯವಸ್ಥೆಯನ್ನು ಒಂದು ಟ್ರ್ಯಾಕಿಗೆ ಸೀಮಿತಗೊಳಿಸಿದರೆ ಮಾರ್ಕರ್‌ಗಳು ಇದ್ದಲ್ಲೇ ಉಳಿದು ಲೆಕ್ಕ ತಪ್ಪುತ್ತದೆ. ಎಲ್ಲ ಟ್ರ್ಯಾಕುಗಳಿಗೂ ಅನ್ವಯಿಸುವಂತೆ ಇಟ್ಟರೆ ಅವೂ ಜೊತೆಗೆ ಸರಿಯುತ್ತವೆ. ಆದರೆ ಆಗ ಹಿನ್ನೆಲೆಯ ಸಂಗೀತವೂ ಸರಿಯುವುದರಿಂದ, ಸಂಗೀತವನ್ನು ತಿದ್ದುವ ಕೆಲಸವೆಲ್ಲ ಮುಗಿದ ಮೇಲೆ ಸೇರಿಸುವುದೇ ಜಾಣತನ.

ಇನ್ನೊಂದು ಅಂತರ ಮೂಲಭೂತವಾದುದು. ರೀಪರ್ ಮೂಲ ಧ್ವನಿಕಡತವನ್ನು ಮುಟ್ಟುವುದೇ ಇಲ್ಲ. ಎಲ್ಲಿ ಕತ್ತರಿಸಿದೆ, ಏನು ಸರಿಸಿದೆ ಎಂಬುದನ್ನಷ್ಟೇ ಸಣ್ಣ ಪಠ್ಯಕಡತದಲ್ಲಿ ಬರೆದಿಡುತ್ತದೆ. ಅಕ್ಷರವೊಂದರ ಬಾಲ ತುಂಡಾಗಿದ್ದರೆ, ತಿಂಗಳ ಮೇಲಾದರೂ ಸರಿ, ಅಂಚನ್ನು ಹಿಡಿದು ಎಳೆದರೆ ಅದು ಮರಳಿ ಬರುತ್ತದೆ. ಅಡಾಸಿಟಿಯಲ್ಲಿ ಪ್ರಾಜೆಕ್ಟ್ ಮುಚ್ಚಿದೊಡನೆ ಮಾಡಿದ್ದನ್ನು ರದ್ದುಗೊಳಿಸುವ ಅಂಡೂ ಪಟ್ಟಿ ಅಳಿಯುತ್ತದೆ. 2022ರ 3.2 ಆವೃತ್ತಿಯಿಂದ ಪರಿಣಾಮಗಳನ್ನು (ಧ್ವನಿಯನ್ನು ಮಾರ್ಪಡಿಸುವ ‘ಎಫೆಕ್ಟ್’ಗಳನ್ನು) ಧ್ವನಿ ಓಡುತ್ತಿರುವಾಗಲೇ ಹೊಂದಿಸಬಹುದಾದರೂ, ಎಲ್ಲ ಪರಿಣಾಮಗಳಿಗೂ ಆ ಅನುಕೂಲವಿಲ್ಲ. ಒಂದು ಗಂಟೆಯ ಮೋನೊ (ಒಂದೇ ವಾಹಿನಿಯ) ಧ್ವನಿ, 44.1 ಕಿಲೋಹರ್ಟ್ಸ್ ಮತ್ತು 32 ಬಿಟ್‌ನಲ್ಲಿ, ಸುಮಾರು 635 ಎಂಬಿ ಆಗುತ್ತದೆ. ಇಡೀ ಟ್ರ್ಯಾಕಿಗೆ ಹಳೆಯ ರೀತಿಯ ಪರಿಣಾಮವೊಂದನ್ನು ಹಾಕಿದಾಗಲೆಲ್ಲ ಅಷ್ಟನ್ನೂ ಹೊಸದಾಗಿ ಬರೆಯಬೇಕಾಗುತ್ತದೆ. ಹಳೆಯ ಲ್ಯಾಪ್‌ಟಾಪ್ ಉಳ್ಳವರಿಗೆ ಇದು ಚೆನ್ನಾಗಿಯೇ ಅನುಭವಕ್ಕೆ ಬರುತ್ತದೆ.

ಮೌನವನ್ನು ತಾನಾಗಿ ಕತ್ತರಿಸುವ ಸೌಲಭ್ಯ ಮೂರರಲ್ಲೂ ಇದೆ, ಮೂರರಲ್ಲೂ ಕನ್ನಡಕ್ಕೆ ಎಚ್ಚರಿಕೆ ಬೇಕು. ‘ಹತ್ತು’, ‘ಅಪ್ಪ’ ಎಂಬಂಥ ಪದಗಳನ್ನು ಉಚ್ಚರಿಸುವಾಗ ನಾಲಿಗೆಯೋ ತುಟಿಯೋ ಮುಚ್ಚಿಕೊಂಡಿರುವ ಕ್ಷಣ ಧ್ವನಿಯ ಅಲೆಚಿತ್ರವಾದ ವೇವ್‌ಫಾರ್ಮ್‌ನಲ್ಲಿ ಬರಿಯ ಮೌನವಾಗಿ ಕಾಣುತ್ತದೆ. ಮೌನದ ಕನಿಷ್ಠ ಅವಧಿಯನ್ನು ತೀರ ಕಡಿಮೆ ಇಟ್ಟರೆ ತಂತ್ರಾಂಶ ಆ ಒತ್ತನ್ನೇ ನುಂಗಿ ‘ಹತು’ ಎಂದು ಕೇಳಿಸುತ್ತದೆ. ಅಡಾಸಿಟಿಯ ‘ಟ್ರಂಕೇಟ್ ಸೈಲೆನ್ಸ್’ ಅರ್ಧ ಸೆಕೆಂಡಿನಿಂದ ಆರಂಭವಾಗುವುದರಿಂದ ಈ ಅಪಾಯವಿಲ್ಲ, ಆದರೆ ಯಾವ ಮಟ್ಟದ ಕೆಳಗಿನ ಸದ್ದನ್ನು ಮೌನವೆಂದು ಎಣಿಸಬೇಕು ಎಂಬ ಅದರ ಮಿತಿ ಮೊದಲಿಗೆ ಮೈನಸ್ 20 ಡೆಸಿಬೆಲ್ ಇರುತ್ತದೆ. ವಾಕ್ಯದ ಕೊನೆಯಲ್ಲಿ ಇಳಿದುಹೋಗುವ ಸ್ವರ ಅದರ ಕೆಳಗೇ ಉಳಿದು ಮೌನವೆನಿಸಿಕೊಳ್ಳುತ್ತದೆ. ನಾನು ಅದನ್ನು ಮೈನಸ್ 45ರ ಆಸುಪಾಸಿಗೆ ಇಳಿಸುತ್ತೇನೆ. ರೀಪರ್‌ನಲ್ಲಿ ಮಾತಿನ ಹಿಂದೆ ಮುಂದೆ ಇಷ್ಟಿಷ್ಟು ಜಾಗ ಉಳಿಸು ಎಂದು ಹೇಳಬಹುದಾದ್ದರಿಂದ ಈ ಕೆಲಸಕ್ಕೆ ನನ್ನ ಮತ ಅದಕ್ಕೇ.

ಆಡಿಷನ್ನಿನ ವಿಷಯಕ್ಕೆ ಬಂದರೆ, ಕೂಲ್ ಎಡಿಟ್ ಪ್ರೊ ಎಂದು ಹಳಬರಿಗೆ ಪರಿಚಿತವಾಗಿದ್ದ ತಂತ್ರಾಂಶವನ್ನು 2003ರಲ್ಲಿ ಅಡೋಬಿ ಕೊಂಡು ಈ ಹೆಸರಿಟ್ಟಿತು. ಬರಿಯ ಕತ್ತರಿಸುವ ಕೆಲಸದಲ್ಲಿ ಇದು ರೀಪರ್‌ನಷ್ಟು ಬಾಗುವುದಿಲ್ಲ. ಬೆಂಗಳೂರಿನ ಸದ್ದಿನ ನಡುವೆ ಮುದ್ರಿಸುವವನಿಗೆ ಇದು ಬೇಕಾಗುವುದು ಬೇರೊಂದು ಕಾರಣಕ್ಕೆ. ಫ್ಯಾನಿನಂತಹ ಒಂದೇ ಸಮನಾದ ಗುಂಯ್‌ಗುಡುವಿಕೆಯನ್ನು ಅಡಾಸಿಟಿಯ ‘ನಾಯ್ಸ್ ರಿಡಕ್ಷನ್’ ಚೆನ್ನಾಗಿಯೇ ತಗ್ಗಿಸುತ್ತದೆ; ಒಂದೆರಡು ಸೆಕೆಂಡಿನ ಖಾಲಿ ಕೋಣೆಯ ಸದ್ದನ್ನು ಮಾದರಿಯಾಗಿ ಕೊಟ್ಟರೆ ಸಾಕು. ಹಾರ್ನ್, ಕುಕ್ಕರಿನ ಸೀಟಿ, ಸೊಪ್ಪಿನ ಗಾಡಿಯ ಧ್ವನಿವರ್ಧಕ ಹಾಗಲ್ಲ, ಬಂದು ಹೋಗುವಂಥವು. ಆಡಿಷನ್ನಿನ ಸ್ಪೆಕ್ಟ್ರಲ್ ನೋಟದಲ್ಲಿ, ಅಂದರೆ ಧ್ವನಿಯ ಕಂಪನಾಂಕಗಳನ್ನು ಕೆಳಗಿನಿಂದ ಮೇಲಕ್ಕೆ ಚಿತ್ರವಾಗಿ ತೋರಿಸುವ ನೋಟದಲ್ಲಿ, ಹಾರ್ನ್ ಒಂದರ ಮೇಲೊಂದು ಅಡ್ಡ ಗೆರೆಗಳಾಗಿ ಮಾತಿನ ಮೇಲೆ ಹಾಸಿರುವುದು ಕಣ್ಣಿಗೇ ಕಾಣುತ್ತದೆ. ಆ ಗೆರೆಗಳನ್ನು ಮಾತ್ರ ಕುಂಚದಿಂದ ಸವರಿ ಕಂಟ್ರೋಲ್ ಮತ್ತು ‘ಯು’ ಒತ್ತಿದರೆ ಸುತ್ತಲ ಸದ್ದಿನಿಂದ ಆ ಜಾಗ ತುಂಬಿಕೊಳ್ಳುತ್ತದೆ. ಮಾತು ಉಳಿಯುತ್ತದೆ. ಹಾರ್ನ್ ಮಾತಿನ ಸ್ವರಗಳ ಎತ್ತರದಲ್ಲೇ ಬಿದ್ದಿದ್ದರೆ ಮಾತ್ರ ದನಿ ಟೊಳ್ಳಾಗುತ್ತದೆ; ಅಂತಹ ಸಾಲನ್ನು ಮತ್ತೆ ಓದುವುದು ಬೇಗ ಮುಗಿಯುವ ಕೆಲಸ.

ಬೆಲೆಯಲ್ಲಿ ಅಡಾಸಿಟಿಗೆ ಎದುರಿಲ್ಲ. ರೀಪರ್ 60 ದಿನ ಪೂರ್ಣವಾಗಿ ಪರೀಕ್ಷೆಗೆ ಸಿಗುತ್ತದೆ, ಬಳಿಕ ವೈಯಕ್ತಿಕ ಬಳಕೆಗೆ 60 ಡಾಲರ್. ಆಡಿಷನ್‌ಗೆ ಚಂದಾ ಕಟ್ಟುತ್ತಲೇ ಇರಬೇಕು, ಹಾಗಾಗಿ ಅಪರೂಪಕ್ಕೊಮ್ಮೆ ಹಾರ್ನ್ ಅಳಿಸುವ ನನ್ನಂಥವರಿಗೆ ಅದು ದುಬಾರಿ. ಗೆಳೆಯರು ಕಳುಹಿಸುವ ಬಿಡಿ ಬಿಡಿ ಕಡತಗಳ ರಾಶಿಗೆ ಅಡಾಸಿಟಿಯ ‘ಮ್ಯಾಕ್ರೋ’ವನ್ನು ಈಗಲೂ ಬಿಟ್ಟಿಲ್ಲ: ಕೆಳಸ್ತರದ ಗುಡುಗುಡು ಸದ್ದನ್ನು ಸೋಸುವುದು, ಧ್ವನಿಮಟ್ಟವನ್ನು ಪಾಡ್‌ಕಾಸ್ಟ್‌ಗೆ ರೂಢಿಯಲ್ಲಿರುವ ಮೈನಸ್ 16 ಎಲ್‌ಯುಎಫ್‌ಎಸ್‌ಗೆ (ಎಲ್‌ಯುಎಫ್‌ಎಸ್ ಎಂದರೆ ಕಿವಿಗೆ ಕೇಳುವ ಜೋರಿನ ಅಳತೆ) ತರುವುದು, ಎಂಪಿ3 ಆಗಿ ಹೊರಗೆ ಕಳುಹಿಸುವುದು, ಈ ಮೂರನ್ನು ಒಮ್ಮೆ ಪೋಣಿಸಿಟ್ಟರೆ ಅಷ್ಟೂ ಕಡತಗಳನ್ನು ಒಟ್ಟಿಗೆ ಕೊಟ್ಟು ಕಾಫಿಗೆ ಏಳಬಹುದು. ರೀಪರ್‌ನಲ್ಲಿಯೂ ಅಂಥದೊಂದು ಕಿಟಕಿ ಇದೆ. ಅದನ್ನು ಹೊಂದಿಸುವಷ್ಟರಲ್ಲಿ ಅಡಾಸಿಟಿ ಕೆಲಸ ಮುಗಿಸಿರುತ್ತದೆ.