ದೊಡ್ಡಕ್ಷರದ ಪದ ಹುಡುಕಲು ಪೈಥಾನ್‌ನ ಮೂರು ದಾರಿ: ಯಾವುದು ವಾಸಿ?

ಕನ್ನಡ, ಇಂಗ್ಲಿಷ್ ಎರಡೂ ಲಿಪಿ ಬೆರೆತ ಒಂದು ಫೈಲ್. ಅದರಿಂದ ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆದ ಕೆಎಸ್‌ಆರ್‌ಟಿಸಿ, ಬಿಎಂಟಿಸಿ ಥರದ ಪದಗಳನ್ನಷ್ಟೇ ಆರಿಸಬೇಕಿತ್ತು. ಪೈಥಾನ್ 3 ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮೂರು ದಾರಿಗಳನ್ನು ಅದರ ಮೇಲೇ ಓಡಿಸಿ ನೋಡಿದೆ.

ಮೊದಲನೆಯದು, ಪದವನ್ನು ಅದರದೇ ಅಪ್ಪರ್() ರೂಪದ, ಅಂದರೆ ಎಲ್ಲವನ್ನೂ ದೊಡ್ಡಕ್ಷರ ಮಾಡಿದ ರೂಪದ ಜೊತೆ ಹೋಲಿಸುವುದು. ಎರಡೂ ಒಂದೇ ಆದರೆ ಪದ ಪಾಸ್. ನೋಡೋಕೆ ಸರಳ, ಆದರೆ ಕನ್ನಡ ಪದಗಳೆಲ್ಲ ಒಳಗೆ ಬಂದುಬಿಡುತ್ತವೆ. ಕನ್ನಡದಲ್ಲಿ ಚಿಕ್ಕಕ್ಷರ, ದೊಡ್ಡಕ್ಷರ ಇಲ್ಲ ಅಲ್ವಾ? ಅಪ್ಪರ್() ಪದವನ್ನು ಇದ್ದ ಹಾಗೇ ವಾಪಸ್ ಕೊಡುತ್ತದೆ. 123, ಸುಮ್ನೆ ಹಾಕಿದ ಒಂದು ಗೆರೆ, ಇವೂ ಪಾಸ್. ನಮ್ಮಂಥ ಬರಹಕ್ಕೆ ಇದು ಬೇಡವೇ ಬೇಡ.

ಎರಡನೆಯದು ರೆಜೆಕ್ಸ್, ಅಂದರೆ ಪದ ಹೇಗಿರಬೇಕು ಅಂತ ಹೇಳುವ ಮಾದರಿ: ಎ ಇಂದ ಝಡ್‌ವರೆಗಿನ ದೊಡ್ಡಕ್ಷರ ಮಾತ್ರ ಇರಬೇಕು ಅನ್ನುವ ಪ್ಯಾಟರ್ನ್. ಇದು ಕಟ್ಟುನಿಟ್ಟು. ಪ್ಯಾನ್ ನಂಬರ್ ತಪಾಸಣೆಗೂ ರೆಜೆಕ್ಸೇ ಸರಿ: ಐದು ಅಕ್ಷರ, ನಾಲ್ಕು ಅಂಕಿ, ಮತ್ತೊಂದು ಅಕ್ಷರ. ಇಡೀ ಪದ ಪ್ಯಾಟರ್ನ್‌ಗೆ ಹೊಂದಿದೆಯಾ ಅಂತ ನೋಡುವ ಫುಲ್‌ಮ್ಯಾಚ್ ಬಳಸಿ. ಅದರ ಬದಲು ಪ್ಯಾಟರ್ನ್ ಕೊನೆಗೆ ಡಾಲರ್ ಚಿಹ್ನೆ ಹಾಕಿದರೆ ಪದದ ಹಿಂದೆ ಅಂಟಿಕೊಂಡ ನ್ಯೂಲೈನ್ (ಸಾಲು ಮುಗಿಸುವ ಗುರುತು) ಕೂಡ ನುಸುಳುತ್ತದೆ. ಆದರೆ ನನ್ನ ಫೈಲ್‌ನಲ್ಲಿ ರೆಜೆಕ್ಸ್ ಸೋತಿತು. ನಾವು ಬರೆಯುವುದು ಬರೀ ಕೆಎಸ್‌ಆರ್‌ಟಿಸಿ ಅಂತಲ್ಲ. ಇಂಗ್ಲಿಷ್ ಅಕ್ಷರಗಳಿಗೇ 'ಯಲ್ಲಿ', 'ಗೆ' ಸೇರಿಸುತ್ತೇವೆ. ಆ ಪದಗಳೆಲ್ಲ ಹೊರಗುಳಿದವು.

ಮೂರನೆಯದು ಈಸ್‌ಅಪ್ಪರ್(). ನನ್ನ ಓಟು ಇದಕ್ಕೇ. ಇದರ ನಿಯಮ ಎರಡೇ: ಚಿಕ್ಕ-ದೊಡ್ಡ ಭೇದವಿರುವ ಅಕ್ಷರ ಒಂದಾದರೂ ಇರಬೇಕು, ಅಂಥವೆಲ್ಲ ದೊಡ್ಡವೇ ಆಗಿರಬೇಕು. ಉಳಿದದ್ದನ್ನು ಇದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ 'ಯಲ್ಲಿ' ಅಂಟಿದ ಕೆಎಸ್‌ಆರ್‌ಟಿಸಿ ಪಾಸ್, ಅಚ್ಚ ಕನ್ನಡ ಪದ ಫೇಲ್. ನನಗೆ ಬೇಕಾಗಿದ್ದುದೂ ಇದೇ. ಇಂಗ್ಲಿಷಿನ ಒಂಟಿ 'ಐ', 'ಎ' ಕೂಡ ಬರುತ್ತವೆ. ಪದದ ಉದ್ದ ಒಂದಕ್ಕಿಂತ ಜಾಸ್ತಿ ಇರಬೇಕು ಅಂತ ಷರತ್ತು ಸೇರಿಸಿದರೆ ಮುಗಿಯಿತು.

ಮೊದಲಕ್ಷರ ಮಾತ್ರ ದೊಡ್ಡದಿರುವ ಪದಕ್ಕೆ ಈಸ್‌ಟೈಟಲ್() ಇದೆ, ಆದರೆ ನಂಬಬೇಡಿ. 'ಡೋಂಟ್' ಅನ್ನು ಡಿ ಮಾತ್ರ ದೊಡ್ಡದಾಗಿ ಬರೆದರೂ ಇಲ್ಲ ಅನ್ನುತ್ತದೆ. ಅಪಾಸ್ಟ್ರಫಿ ಆದಮೇಲಿನ ಟಿ ಕೂಡ ದೊಡ್ಡದಿರಬೇಕಂತೆ. ಮೊದಲ ಅಕ್ಷರವನ್ನಷ್ಟೇ ತೆಗೆದು ಈಸ್‌ಅಪ್ಪರ್()ಗೆ ಕೊಡುವುದು ಮೇಲು.

ಅಂಕಿ, ಚಿಹ್ನೆ ತಡೆಯಲು ಜೊತೆಗೆ, ಎಲ್ಲವೂ ಅಕ್ಷರವೇ ಅಂತ ನೋಡುವ ಈಸ್‌ಆಲ್ಫಾ() ಹಾಕುವವರಿದ್ದಾರೆ. ಕನ್ನಡ ಬೆರೆತಲ್ಲಿ ಅದು ಕೆಡಿಸುತ್ತದೆ. ಯೂನಿಕೋಡ್‌ನಲ್ಲಿ ನಮ್ಮ ಗುಣಿತದ ಚಿಹ್ನೆಗಳೂ ಒತ್ತಕ್ಷರ ಮೂಡಿಸುವ ವಿರಾಮವೂ (್) ಅಕ್ಷರದ ಗುಂಪಿನಲ್ಲಿಲ್ಲ. ಹಾಗಾಗಿ 'ಕನ್ನಡ' ಅನ್ನುವ ಪದಕ್ಕೇ ಈಸ್‌ಆಲ್ಫಾ() ಫಾಲ್ಸ್ ಅನ್ನುತ್ತದೆ.