ಹಳೇ ಅಂಗಡಿಗೆ ಹೋದ ಮೋಟಾರು: ಆನ್‌ಲೈನಿನಲ್ಲಿರುವ ಅಂಗಡಿಯ ವಿವರ (ಲಿಸ್ಟಿಂಗ್) ಸರಿಮಾಡಿಸಿಕೊಂಡ ಅನುಭವ

2024ರ ಏಪ್ರಿಲ್‌ನಲ್ಲಿ ಆನಂದಪುರದ ಕಡೆಯ ರೈತರೊಬ್ಬರು ಸುಟ್ಟುಹೋದ 5 ಎಚ್‌ಪಿ ಸಬ್‌ಮರ್ಸಿಬಲ್ ಮೋಟಾರನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಶಿವಮೊಗ್ಗಕ್ಕೆ ಬಂದರು. ನಮ್ಮದು ಮೋಟಾರ್ ವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವುದು. ಇರುವುದು ಸಾಗರ ರಸ್ತೆಯಲ್ಲಿ. ಅವರು ಊರೊಳಗೆ ಬಂದದ್ದೂ ಅದೇ ರಸ್ತೆಯಲ್ಲಿ. ನಮ್ಮ ಬಾಗಿಲ ಮುಂದೆಯೇ ಹಾದು, ಫೋನಿನ ಮ್ಯಾಪ್ ಹೇಳಿದ ಹಾಗೆ ಗಾಂಧಿ ಬಜಾರಿನ ಪಕ್ಕದ ಸಂದಿಗೆ ಹೋದರು. ನಾವು ಅಲ್ಲಿಂದ ಬಿಟ್ಟು ಬಂದು ಹತ್ತು ತಿಂಗಳಾಗಿತ್ತು. ಈಗ ಅಲ್ಲಿರುವುದು ಪಾತ್ರೆ ಅಂಗಡಿ. ಮ್ಯಾಪಿನಲ್ಲಿದ್ದ ಲ್ಯಾಂಡ್‌ಲೈನ್‌ಗೆ ಫೋನ್ ಮಾಡಿದ್ದಾರೆ. ಅಂಗಡಿ ಬದಲಾಯಿಸುವಾಗಲೇ ಆ ಕನೆಕ್ಷನ್ ಸರೆಂಡರ್ ಮಾಡಿದ್ದೆವು. ಇನ್ನೊಂದು ಕಡೆ ಸಿಕ್ಕ ಮೊಬೈಲ್ ನಂಬರಿಗೆ ಮಾಡಿದರೆ ಅದು ಬಳಕೆಯಲ್ಲಿಲ್ಲ ಎಂಬ ಉತ್ತರ. ಕೊನೆಗೆ ಮನೆಗೆ ಫೋನ್ ಮಾಡಿ, ಹೆಂಡತಿಯನ್ನು ತೋಟದ ಪಂಪ್‌ಹೌಸಿಗೆ ಕಳಿಸಿ, ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲ ಒಳಮೈಯಲ್ಲಿ ನಮ್ಮಪ್ಪ ಪೇಂಟಿನಲ್ಲಿ ಬರೆದಿದ್ದ ನಂಬರನ್ನು ಓದಿಸಿಕೊಂಡಿದ್ದಾರೆ.

ನಮ್ಮ ಹತ್ತಿರ ಬಂದಾಗ ಸಂಜೆ ಐದೂವರೆ. "ನಿಮ್ಮಪ್ಪ ಕಟ್ಟಿದ ಕಾಯಿಲ್ ಆರು ವರ್ಷ ಬಂತು ಅಂತ ಹುಡುಕ್ಕೊಂಡು ಬಂದೆ ಕಣಮ್ಮ. ಇಲ್ದಿದ್ರೆ ಆ ಸಂದೀಲೇ ಯಾರನ್ನಾದ್ರೂ ಕೇಳಿ ಕೊಟ್ಟು ಹೋಗ್ತಿದ್ದೆ" ಎಂದರು. ಅವರ ದನಿಯಲ್ಲಿ ಕೋಪ ಇರಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. ಪಂಪ್‌ಸೆಟ್‌ಗೆ ತ್ರೀಫೇಸ್ ಕರೆಂಟ್ ಸಿಗುವುದೇ ದಿನಕ್ಕೆ 7 ಗಂಟೆ. ಏಪ್ರಿಲ್ ಬಿಸಿಲಲ್ಲಿ ಎಳೆ ಅಡಿಕೆ ಗಿಡಕ್ಕೆ ನೀರು ಒಂದು ದಿನ ತಪ್ಪಿದರೂ ಲೆಕ್ಕವೇ. ಅವರ ಅರ್ಧ ದಿನ ನಮ್ಮ ತಪ್ಪು ವಿಳಾಸದಿಂದ ಹೋಯಿತು. ಅವತ್ತು ಅಪ್ಪ ಹುಡುಗರನ್ನು ರಾತ್ರಿ ಹತ್ತರವರೆಗೆ ಕೂರಿಸಿ ಕೆಲಸ ಮುಗಿಸಿದರು.

ಅಂಗಡಿಯ ಲೆಕ್ಕ, ಬಿಲ್ಲು, ಫೋನು ನೋಡಿಕೊಳ್ಳುವವಳು ನಾನು. ಆ ರಾತ್ರಿ ನಮ್ಮ ಅಂಗಡಿಯನ್ನು ಗಿರಾಕಿಯ ಹಾಗೆ ಹುಡುಕಿದೆ. ಗೂಗಲ್ ಮ್ಯಾಪ್‌ನಲ್ಲಿ ನಾವು ಎರಡು ಕಡೆ ಇದ್ದೆವು. ಒಂದು, 2016ರಲ್ಲಿ ಚಿಕ್ಕಪ್ಪನ ಮಗ ತನ್ನ ಜಿಮೇಲ್‌ನಿಂದ ಮಾಡಿಕೊಟ್ಟದ್ದು. ಹಳೇ ವಿಳಾಸ, ಹಳೇ ಲ್ಯಾಂಡ್‌ಲೈನ್, ಆದರೆ 61 ರಿವ್ಯೂ. ಇನ್ನೊಂದು, ಯಾರು ಸೇರಿಸಿದರೋ ಗೊತ್ತಿಲ್ಲ. ಹೊಸ ಜಾಗ, ಎರಡೇ ರಿವ್ಯೂ, ಫೋನ್ ನಂಬರೇ ಇಲ್ಲ. ಫೇಸ್‌ಬುಕ್ ಪುಟದಲ್ಲಿ ಹಳೇ ವಿಳಾಸ. ಅಂಗಡಿಗಳ ವಿಳಾಸ, ನಂಬರು ಕೊಡುವ ಬೇರೆ ಬೇರೆ ಆನ್‌ಲೈನ್ ಡೈರೆಕ್ಟರಿಗಳಲ್ಲಿ ಒಂದೊಂದು ಕಡೆ ಒಂದೊಂದು ನಂಬರು. ರೈತರು ಮಾಡಿದ್ದ ಆ ಮೊಬೈಲ್ ನಂಬರು ಎಲ್ಲಿಂದ ಬಂತೆಂದು ಆಮೇಲೆ ತಿಳಿಯಿತು. ಮೂರು ವರ್ಷದ ಹಿಂದೆ ಒಂದು ಕಂಪನಿ ಫೋನ್ ಮಾಡಿ, ನಮ್ಮ ಅಂಗಡಿಯನ್ನು ಆನ್‌ಲೈನಿನಲ್ಲಿ ತೋರಿಸಲು ವರ್ಷಕ್ಕೆ 18,000 ರೂಪಾಯಿಯ ಪ್ಲಾನ್ ಕೊಟ್ಟಿತ್ತು. ಅವರು ನಮ್ಮ ನಂಬರಿನ ಬದಲು ತಮ್ಮದೊಂದು ನಂಬರ್ ಹಾಕಿ, ಅಲ್ಲಿಗೆ ಬಂದ ಕರೆಯನ್ನು ನಮಗೆ ತಿರುಗಿಸುತ್ತಿದ್ದರು. ಎರಡನೇ ವರ್ಷ ನಾವು ದುಡ್ಡು ಕಟ್ಟಲಿಲ್ಲ. ಕರೆ ತಿರುಗುವುದು ನಿಂತಿತು, ನಂಬರು ಮಾತ್ರ ಡೈರೆಕ್ಟರಿಗಳಲ್ಲಿ ಉಳಿಯಿತು.

ಇದನ್ನು ಸರಿಮಾಡಿಸಲು ನಾನು ಹೋದದ್ದು ವಿನೋಬನಗರದಲ್ಲಿ ಮಹಡಿ ಮೇಲಿನ ಒಂದು ಸಣ್ಣ ಆಫೀಸಿಗೆ. ಇಬ್ಬರೇ ಹುಡುಗರು. ಬೇರಿಂಗ್ ಸಪ್ಲೈ ಮಾಡುವವರು ಹೇಳಿದ್ದರಿಂದ ಗೊತ್ತಾಯಿತು. ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ, ಈಗಿರುವ ಕೆಲಸವೇ ಮುಗಿಯುತ್ತಿಲ್ಲವಂತೆ. ಒಂದೇ ಸಲದ ಕೆಲಸಕ್ಕೆ 6,500 ರೂಪಾಯಿ ಕೊಟ್ಟೆ. ಮುಗಿಯಲು ಐದು ವಾರ ಹಿಡಿಯಿತು.

ಮೊದಲ ದಿನ ಅವರು ಕಂಪ್ಯೂಟರನ್ನು ಮುಟ್ಟಲೇ ಇಲ್ಲ. ಒಂದು ಬಿಳಿ ಹಾಳೆ ಕೊಟ್ಟು, "ಅಕ್ಕ, ಅಂಗಡಿ ಹೆಸರು, ವಿಳಾಸ, ಫೋನ್ ನಂಬರ್ ಬರೀರಿ. ಇನ್ನು ಮುಂದೆ ಎಲ್ಲಿ ಕೊಟ್ಟರೂ ಇದೇ" ಎಂದರು. ಐದು ನಿಮಿಷದ ಕೆಲಸ ಅಂದುಕೊಂಡೆ. ಎರಡು ಗಂಟೆ ಆಯಿತು.

ಹೆಸರಿನಲ್ಲೇ ಸಿಕ್ಕಿಕೊಂಡೆವು. ನಮ್ಮ ಅಂಗಡಿಗೆ ಮನೆದೇವರ ಹೆಸರು, ಮುಂದೆ ಶ್ರೀ. ಆ ಶ್ರೀಯನ್ನು ಇಂಗ್ಲಿಷಿನಲ್ಲಿ ಬಿಲ್ ಪುಸ್ತಕದಲ್ಲಿ ಒಂದು ಥರ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಒಂದು ಥರ, ಹಳೇ ಬೋರ್ಡಿನಲ್ಲಿ ಇನ್ನೊಂದು ಥರ ಬರೆಸಿದ್ದೆವು. ಕನ್ನಡದಲ್ಲಿ ಒಂದೇ ಅಕ್ಷರ, ಇಂಗ್ಲಿಷಿನಲ್ಲಿ ಮೂರು ಸ್ಪೆಲಿಂಗ್. ಸಾಲದ್ದಕ್ಕೆ ಆ 18,000ದ ಕಂಪನಿ ನಮ್ಮ ಹೆಸರಿನ ಕೊನೆಗೆ 'ಬೆಸ್ಟ್ ಮೋಟಾರ್ ರಿಪೇರಿ ಇನ್ ಶಿಮೊಗ' ಎಂದು ಸೇರಿಸಿತ್ತು. ಗೂಗಲ್ ನಿಯಮ ಇದನ್ನು ಒಪ್ಪುವುದಿಲ್ಲ: ಅಂಗಡಿಯ ಬೋರ್ಡಿನಲ್ಲಿ ಯಾವ ಹೆಸರಿದೆಯೋ ಅದೇ ಇರಬೇಕು, ಬಾಲ ಅಂಟಿಸಿದರೆ ಮ್ಯಾಪಿನಲ್ಲಿರುವ ಅಂಗಡಿಯ ಪುಟ (ಪ್ರೊಫೈಲ್) ಸಸ್ಪೆಂಡ್ ಆಗಬಹುದು. ಆ ಬಾಲ ಕತ್ತರಿಸಿದೆವು.

ವಿಳಾಸ ಬರೆಯುವಾಗ ಹುಡುಗ ಕೇಳಿದ, "ಜಿಎಸ್‌ಟಿ ಸರ್ಟಿಫಿಕೇಟ್‌ನಲ್ಲಿ ಯಾವ ವಿಳಾಸ ಇದೆ ಅಕ್ಕ?" ನನ್ನ ಮುಖ ಸಣ್ಣಗಾಯಿತು. ಅಲ್ಲಿಯೂ ಹಳೇದೇ ಇತ್ತು. ವ್ಯಾಪಾರದ ಮುಖ್ಯ ಸ್ಥಳ ಬದಲಾದರೆ 15 ದಿನದೊಳಗೆ ಆರ್‌ಇಜಿ-14 ಅರ್ಜಿ ಹಾಕಬೇಕು. ನಾವು ಹತ್ತು ತಿಂಗಳು ಸುಮ್ಮನಿದ್ದೆವು. ತಪ್ಪು ಪೂರ್ತಿ ನನ್ನದು. ಮಾರನೇ ದಿನವೇ ಆಡಿಟರ್ ಹತ್ತಿರ ಹೋಗಿ ಅರ್ಜಿ ಹಾಕಿಸಿದೆ. ಅದು ಮಂಜೂರಾದ ಮೇಲೆ ಆ ಸರ್ಟಿಫಿಕೇಟಿನಲ್ಲಿ ಬಂದ ವಿಳಾಸವನ್ನೇ ಹಾಳೆಗೆ ಇಳಿಸಿದೆವು. ಈ ಕ್ರಮವನ್ನು ಅಂಗಡಿ ಬದಲಾಯಿಸುವ ಎಲ್ಲರಿಗೂ ಹೇಳುತ್ತೇನೆ, ಮೊದಲು ಸರ್ಕಾರಿ ಕಾಗದ, ಆಮೇಲೆ ಮ್ಯಾಪು.

ಹೆಚ್ಚು ಚರ್ಚೆ ಆದದ್ದು ಫೋನ್ ನಂಬರಿನ ಮೇಲೆ. ವ್ಯಾಪಾರಕ್ಕೆಂದೇ ಒಂದು ಹೊಸ ಸಿಮ್ ತಗೊಳ್ಳಿ, ಎಲ್ಲ ಕಡೆ ಅದನ್ನೇ ಹಾಕೋಣ ಎಂಬುದು ಅವರ ಸಲಹೆ. ನಾನು ಒಪ್ಪಲಿಲ್ಲ. ಇಷ್ಟು ವರ್ಷದಲ್ಲಿ ಅಪ್ಪ ವೈಂಡಿಂಗ್ ಮಾಡಿ ಕಳಿಸಿದ ಮೋಟಾರುಗಳ ಸ್ಟಾರ್ಟರ್ ಪೆಟ್ಟಿಗೆಯ ಒಳಗೆ, ತಾವೇ ಹೋಗಿ ಕೂಡಿಸಿದ ಕಡೆಯಲ್ಲೆಲ್ಲ, ತಮ್ಮ ಮೊಬೈಲ್ ನಂಬರ್ ಬರೆದಿದ್ದಾರೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಎಲ್ಲೆಲ್ಲೋ ತೋಟಗಳಲ್ಲಿ ಆ ನಂಬರ್ ಇದೆ. ಅವತ್ತು ರೈತರನ್ನು ನಮ್ಮ ಬಾಗಿಲಿಗೆ ತಂದದ್ದೂ ಅದೇ. ಆ ಹುಡುಗರು ನನ್ನ ಮಾತು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಇದೇ ಸರಿ" ಎಂದರು. ಗಿರಾಕಿಯ ಮಾತನ್ನು ಕೇಳಿಸಿಕೊಂಡು ತಮ್ಮ ಅಭಿಪ್ರಾಯ ಬದಲಾಯಿಸುವವರು ಸಿಗುವುದು ಅಪರೂಪ. ಅಪ್ಪನ ಸಿಮ್ ಇರುವ ಫೋನು ಈಗ ಕೌಂಟರಿನಲ್ಲಿ ನನ್ನ ಹತ್ತಿರ ಇರುತ್ತದೆ, ಅವರಿಗೆ ಬೇರೆ ನಂಬರ್ ತೆಗೆದುಕೊಟ್ಟಿದ್ದೇನೆ.

ಗೂಗಲ್ ಕೆಲಸವನ್ನು ಆ ಹುಡುಗರು ಚೆನ್ನಾಗಿ ಮಾಡಿದರು. ಎರಡು ಪ್ರೊಫೈಲ್ ಇದ್ದಾಗ ಹಳೆಯದನ್ನು 'ಶಾಶ್ವತವಾಗಿ ಮುಚ್ಚಿದೆ' ಎಂದು ಗುರುತು ಮಾಡಿ ಹೊಸದರಲ್ಲಿ ಮುಂದುವರಿಯೋಣ ಎಂದು ನಾನೇ ಯೋಚಿಸಿದ್ದೆ. ಹಾಗೆ ಮಾಡಿದ್ದರೆ 61 ರಿವ್ಯೂಗಳು ಮುಚ್ಚಿದ ಅಂಗಡಿಯ ಹೆಸರಿನಲ್ಲೇ ಉಳಿಯುತ್ತಿದ್ದವು, ನಮ್ಮ ಹೆಸರು ಹಾಕಿ ಹುಡುಕಿದವರಿಗೆ 'ಮುಚ್ಚಿದೆ' ಎಂಬ ಕೆಂಪು ಅಕ್ಷರ ಕಾಣುತ್ತಿತ್ತು. ಅವರು ಹಳೆಯದರ ಒಡೆತನವನ್ನು ಮೊದಲು ನನ್ನ ಜಿಮೇಲ್‌ಗೆ ತರಿಸಿದರು. ಚಿಕ್ಕಪ್ಪನ ಮಗನಿಗೆ ಪಾಸ್‌ವರ್ಡ್ ಮರೆತೇ ಹೋಗಿತ್ತು. ಒಡೆತನ ಕೇಳಿ ಅರ್ಜಿ ಹಾಕಿ, ಉತ್ತರಕ್ಕೆ ಕಾದು, ಆಮೇಲೆ ವೆರಿಫಿಕೇಶನ್, ಅಂದರೆ ಅಂಗಡಿ ನಮ್ಮದೇ ಎಂದು ಗೂಗಲ್‌ಗೆ ಖಾತ್ರಿ ಮಾಡಿಸುವುದು. ನಂತರ ಅದೇ ಪ್ರೊಫೈಲಿನಲ್ಲಿ ವಿಳಾಸ ಬದಲಾಯಿಸಿ, ಎರಡನೆಯದನ್ನು ನಕಲು ಎಂದು ವರದಿ ಮಾಡಿದರು. ರಿವ್ಯೂಗಳೆಲ್ಲ ನಮ್ಮ ಜೊತೆ ಬಂದವು. ಒಡೆಯರಾಗಿ ನನ್ನನ್ನು ಇಟ್ಟು, ತಾವು ಮ್ಯಾನೇಜರ್ ಆಗಿ ಮಾತ್ರ ಸೇರಿಕೊಂಡರು. ಕೆಲಸ ಮುಗಿದ ದಿನ ತಮ್ಮನ್ನು ತೆಗೆದುಹಾಕುವುದು ಹೇಗೆಂದು ನನ್ನ ಕೈಯಲ್ಲೇ ಮಾಡಿಸಿದರು. ಈ ಒಂದು ಕಾರಣಕ್ಕೇ ಅವರ ಮೇಲೆ ನನಗೆ ಗೌರವ.

ವೆರಿಫಿಕೇಶನ್‌ಗೆ ವಿಡಿಯೋ ಕೇಳಿತು. ನಿಲ್ಲಿಸದೆ ಒಂದೇ ಸಲಕ್ಕೆ ತೆಗೆಯಬೇಕು: ಹೊರಗಿನ ರಸ್ತೆ, ಬೋರ್ಡು, ಒಳಗಿನ ಯಂತ್ರಗಳು, ಅಂಗಡಿ ನಮ್ಮದೇ ಎನ್ನಲು ಏನಾದರೂ ಪುರಾವೆ. ಬೆಳಿಗ್ಗೆ ಬೀಗ ತೆಗೆದು ಶಟರ್ ಎತ್ತುವಲ್ಲಿಂದ ಶುರು ಮಾಡಿ, ಕಾಯಿಲ್ ಸುತ್ತುವ ಮಷಿನ್, ನೆಲದ ಮೇಲೆ ಸಾಲಾಗಿ ಮಲಗಿಸಿದ್ದ ಸ್ಟೇಟರ್‌ಗಳು, ಗೋಡೆ ಮೇಲಿನ ಜಿಎಸ್‌ಟಿ ಸರ್ಟಿಫಿಕೇಟ್‌ವರೆಗೆ ತೆಗೆದೆ. ಮೊದಲ ಸಲ ಬೋರ್ಡು ಸರಿಯಾಗಿ ಓದಲಾಗದೆ ತಿರಸ್ಕಾರವಾಯಿತು. ಎರಡನೇ ಸಲ ಆಯಿತು. ಜಾಗ ಬದಲಾಯಿಸಿದಾಗ ಬೋರ್ಡನ್ನು ಕನ್ನಡದಲ್ಲೇ ದೊಡ್ಡದಾಗಿ ಬರೆಸಿದ್ದೆವು, ಕೆಳಗೆ ಚಿಕ್ಕದಾಗಿ ಇಂಗ್ಲಿಷ್. ಕನ್ನಡ ಬೋರ್ಡಿನಿಂದ ಏನೂ ತೊಂದರೆ ಆಗಲಿಲ್ಲ.

ವಿಳಾಸಕ್ಕಿಂತ ಮ್ಯಾಪಿನ ಪಿನ್ ದೊಡ್ಡದು ಎಂದು ನನಗೆ ತಿಳಿದದ್ದು ಇಲ್ಲಿ. ವಿಳಾಸ ಸರಿಯಾದ ಮೇಲೂ ಪಿನ್ ನಮ್ಮ ಕಟ್ಟಡದ ಹಿಂದಿನ ಬೀದಿಯಲ್ಲಿತ್ತು. ಆ ಕಡೆಯಿಂದ ಬೈಕ್ ಬರಬಹುದು, ಮೋಟಾರು ಹೇರಿದ ಗಾಡಿ ತಿರುಗಿಸಲಾಗದು. ಹುಡುಗ ಸ್ವತಃ ಬಂದು, ಗೇಟಿನ ಮುಂದೆ ನಿಂತು, ಪಿನ್ನನ್ನು ಅಲ್ಲಿಗೆ ಎಳೆದಿಟ್ಟ.

ಇನ್ನು ಉಳಿದವು: ಜಸ್ಟ್‌ಡಯಲ್, ಬಿಂಗ್, ಆ್ಯಪಲ್ ಮ್ಯಾಪ್, ಫೇಸ್‌ಬುಕ್. ಬಿಂಗ್‌ನಲ್ಲಿ ಗೂಗಲ್ ವಿವರವನ್ನೇ ನೇರವಾಗಿ ತರಿಸಿಕೊಳ್ಳುವ ವ್ಯವಸ್ಥೆ ಇದೆ, ಬೇಗ ಆಯಿತು. ಇವೆಲ್ಲವನ್ನೂ ದುಡ್ಡಿಲ್ಲದೆ ಸರಿಮಾಡಿಕೊಳ್ಳಬಹುದು. ನಾನು ಕೊಟ್ಟ 6,500 ಅವರ ಸಮಯಕ್ಕೆ. ಇನ್ನೊಂದು ಸಂಗತಿ ನನಗೆ ಗೊತ್ತೇ ಇರಲಿಲ್ಲ. ಗೂಗಲ್ ಮೊದಲು ಪ್ರೊಫೈಲ್ ಜೊತೆ ಕೊಡುತ್ತಿದ್ದ ಉಚಿತ ವೆಬ್‌ಸೈಟ್ 2024ರ ಮಾರ್ಚ್‌ನಲ್ಲಿ ನಿಂತುಹೋಗಿತ್ತು. ನಮ್ಮ ವಿಸಿಟಿಂಗ್ ಕಾರ್ಡಿನಲ್ಲಿ ಇನ್ನೂ ಅದರ ವಿಳಾಸವೇ ಇತ್ತು. ಕಾರ್ಡುಗಳನ್ನು ಹೊಸದಾಗಿ ಮುದ್ರಿಸಿದೆವು.

ಆ ಹುಡುಗರ ಒಂದು ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ರೋಡ್ ಎಂಬುದನ್ನು ಪೂರ್ತಿ ಬರೆಯಬೇಕೋ ಎರಡಕ್ಷರದಲ್ಲೋ, ಅಲ್ಪವಿರಾಮ ಎಲ್ಲಿ, ಎಲ್ಲ ಕಡೆ ಅಕ್ಷರ ಅಕ್ಷರ ಒಂದೇ ಇರಬೇಕು ಎಂದು ಒಂದು ವಾರ ಅದರಲ್ಲೇ ಕಳೆದರು. ನಮ್ಮ ಊರಿನ ಇಂಗ್ಲಿಷ್ ಹೆಸರೇ 2014ರ ನವೆಂಬರ್ 1ರಂದು ಶಿಮೊಗದಿಂದ ಶಿವಮೊಗ್ಗ ಆಯಿತು. ಇವತ್ತಿಗೂ ಜನ ಎರಡನ್ನೂ ಟೈಪ್ ಮಾಡುತ್ತಾರೆ, ಎರಡರಲ್ಲೂ ನಾವು ಸಿಗುತ್ತೇವೆ. ನಂಬರ್ ತಪ್ಪಿದರೆ ಗಿರಾಕಿ ಹೋದ, ಪಿನ್ ತಪ್ಪಿದರೆ ಗಿರಾಕಿ ಅಲೆದ. ಅಲ್ಪವಿರಾಮ ತಪ್ಪಿ ಯಾರೂ ದಾರಿ ತಪ್ಪಿದ್ದನ್ನು ನಾನು ನೋಡಿಲ್ಲ. ಆ ವಾರವನ್ನು ಕನ್ನಡ ಹೆಸರಿಗೆ ಕೊಡಬಹುದಿತ್ತು. ಫೋನನ್ನು ಕನ್ನಡದಲ್ಲಿ ಇಟ್ಟುಕೊಂಡವರಿಗೆ ನಮ್ಮ ಅಂಗಡಿಯ ಹೆಸರು ಒತ್ತಕ್ಷರ ತಪ್ಪಾಗಿ ಕಾಣುತ್ತಿತ್ತು, ಅವರು ಅದನ್ನು ಗಮನಿಸಲೇ ಇಲ್ಲ. ನಾನೇ ತಿದ್ದುಪಡಿ ಕಳಿಸಿ ಸರಿಮಾಡಿಸಿದೆ. ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಕನ್ನಡದಲ್ಲೇ ಓದುವವರು. ಕೊನೆಗೆ ಕೊಟ್ಟ ವರದಿಯೂ ಪೂರ್ತಿ ಇಂಗ್ಲಿಷಿನಲ್ಲಿ, ಅಪ್ಪನಿಗೆ ನಾನು ಓದಿ ಹೇಳಬೇಕಾಯಿತು.

ಆದರೆ ಸುಳ್ಳು ಆಸೆ ಹುಟ್ಟಿಸಲಿಲ್ಲ. ಮೊದಲನೇ ಸಾಲಿನಲ್ಲಿ ತರುತ್ತೀರಾ ಎಂದು ಕೇಳಿದ್ದಕ್ಕೆ, ಗೂಗಲ್ ನೋಡುವುದು ಹುಡುಕಿದ್ದಕ್ಕೂ ಅಂಗಡಿಗೂ ಎಷ್ಟು ಸಂಬಂಧ, ಅಂಗಡಿ ಎಷ್ಟು ದೂರ, ಎಷ್ಟು ಹೆಸರುವಾಸಿ, ಈ ಮೂರನ್ನು ಎಂದರು. ಭದ್ರಾವತಿಯಲ್ಲಿ ನಿಂತು ಹುಡುಕಿದವರಿಗೆ ಭದ್ರಾವತಿಯ ಅಂಗಡಿ ಮೊದಲು ಬಂದರೆ ಅದು ನ್ಯಾಯವೇ, ದೂರವನ್ನು ಯಾರೂ ದುಡ್ಡು ಕೊಟ್ಟು ಕಡಿಮೆ ಮಾಡಲಾಗದು ಎಂದರು. ತಿಂಗಳಿಗೆ 1,500 ಕೊಟ್ಟರೆ ನೋಡಿಕೊಳ್ಳುತ್ತೇವೆ ಎಂದೂ ಕೇಳಿದರು, ನಾನು ಬೇಡವೆಂದೆ. ಮ್ಯಾಪ್‌ನಲ್ಲಿ ದಾರಿಹೋಕರು ಯಾರು ಬೇಕಾದರೂ ಬದಲಾವಣೆ ಸೂಚಿಸಬಹುದು, ಅದು ಒಮ್ಮೊಮ್ಮೆ ಒಪ್ಪಿಗೆಯೂ ಆಗಿಬಿಡುತ್ತದೆ. ಹಾಗಾಗಿ ತಿಂಗಳ ಒಂದನೇ ತಾರೀಕು, ಹಾಳೆಯನ್ನು ಮುಂದಿಟ್ಟುಕೊಂಡು ನಾನೇ ಎಲ್ಲ ಕಡೆ ನೋಡುತ್ತೇನೆ. ಇಪ್ಪತ್ತು ನಿಮಿಷ ಸಾಕು. ಹಬ್ಬದ ರಜೆಯ ದಿನಗಳನ್ನೂ ಆಗಲೇ ಹಾಕಿಬಿಡುತ್ತೇನೆ.

ಆ ಹುಡುಗರ ಕೆಲಸಕ್ಕೆ ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಕನ್ನಡವನ್ನು ಕಡೆಗಣಿಸಿದ್ದಕ್ಕೆ ಒಂದು ಕಡಿಮೆ.

ಒಂದು ಡೈರೆಕ್ಟರಿಯಲ್ಲಿ ಮಾತ್ರ ಹಳೇ ಲ್ಯಾಂಡ್‌ಲೈನ್ ಇನ್ನೂ ಇದೆ. ನಂಬರ್ ಬದಲಾಯಿಸಬೇಕೆಂದರೆ ಹಳೇ ನಂಬರಿಗೇ ಕರೆ ಮಾಡಿ ಒಟಿಪಿ ಹೇಳುತ್ತಾರಂತೆ. ಆ ನಂಬರ್ ಈಗ ಇಲ್ಲ. ಜಿಎಸ್‌ಟಿ ಸರ್ಟಿಫಿಕೇಟ್ ಹಚ್ಚಿ ಮೂರು ಸಲ ಮೇಲ್ ಮಾಡಿದ್ದೇನೆ. ಹಳೇ ಜಾಗದ ಪಾತ್ರೆ ಅಂಗಡಿಯವರು ತಮ್ಮ ಗಾಜಿನ ಬಾಗಿಲ ಮೇಲೆ ನಮ್ಮ ಹೊಸ ವಿಳಾಸದ ಚೀಟಿ ಅಂಟಿಸಿಕೊಳ್ಳಲು ಒಪ್ಪಿದ್ದಾರೆ. ಚೀಟಿ ಬಿಸಿಲಿಗೆ ಬಣ್ಣ ಹೋದಾಗ ಹೊಸದನ್ನು ಕೊಟ್ಟು ಬರುತ್ತೇನೆ.