‘ಸಂಸ್ಕಾರ’ದ ಡಿವಿಡಿ, ಅಮ್ಮನ ಜೊತೆ ನೋಡಿದ್ದು

ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ‘ಸಂಸ್ಕಾರ’ ಚಿತ್ರದ ಡಿವಿಡಿ ಸಿಕ್ಕಿತು. 150 ರೂಪಾಯಿ. ತೀರ್ಥಹಳ್ಳಿ ಬಸ್ಸಿನಲ್ಲಿ ಎರಡು ಸಲ ಚೀಲದಿಂದ ತೆಗೆದು ನೋಡಿದೆ. ಪೌರೋಹಿತ್ಯ ಮಾಡುತ್ತಿದ್ದ ನಮ್ಮ ಅಜ್ಜ ಈ ಚಿತ್ರದ ಹೆಸರೆತ್ತಿದರೆ ಊಟದ ಎಲೆ ಬಿಟ್ಟು ಏಳುತ್ತಿದ್ದರು. ಅವರು ಅದನ್ನು ನೋಡಿದವರಲ್ಲ. ನಮ್ಮವರನ್ನು ಹೀಗಳೆದಿದ್ದಾರೆ ಎಂದು ಯಾರೋ ಹೇಳಿದ್ದು ಸಾಕಾಗಿತ್ತು. ಹಾಗಾಗಿ ಅಮ್ಮನೂ ನೋಡಿರಲಿಲ್ಲ. ಚಿತ್ರಕ್ಕೆ ಮೂಲವಾದ ಕಾದಂಬರಿ ಬರೆದ ಅನಂತಮೂರ್ತಿಯವರು ಹುಟ್ಟಿದ ಮೇಳಿಗೆ ನಮ್ಮದೇ ತಾಲ್ಲೂಕು!

ಡಿಸ್ಕಿನಲ್ಲಿ ಚಿತ್ರ ಸ್ಪಷ್ಟವಾಗಿದೆ. ಆಸ್ಟ್ರೇಲಿಯಾದ ಟಾಮ್ ಕೋವನ್ ಕಪ್ಪು ಬಿಳುಪಿನಲ್ಲಿ ಹಿಡಿದ ಅಗ್ರಹಾರದ ಜಗಲಿ, ಹಂಚಿನ ಮಾಡು ನಮ್ಮ ಮನೆಯದೇ ಅನ್ನಿಸಿತು. ಧ್ವನಿ ಮಾತ್ರ ಕೆಟ್ಟದಾಗಿದೆ. ಉದ್ದಕ್ಕೂ ಗುಂಯ್ ಎನ್ನುವ ಸದ್ದು; ಮಾತು ಮಾತಿಗೂ ಅಮ್ಮನ ಕಿವಿಯ ಬಳಿ ನಾನೇ ಹೇಳಬೇಕಾಯಿತು. ಹೊದಿಕೆಯ ಮೇಲೆ ಸ್ವರ್ಣಕಮಲದ ಸುದ್ದಿ ದೊಡ್ಡದಾಗಿದೆ, ನಿಷೇಧದ ಸುದ್ದಿ ಒಂದು ಸಾಲೂ ಇಲ್ಲ. ಅದಕ್ಕೆ ನನಗೆ ಸಿಟ್ಟು ಬಂತು. ಜಾತಿಯನ್ನು ಪ್ರಶ್ನಿಸುವ ಚಿತ್ರ ಜನರನ್ನು ಕೆರಳಿಸೀತು ಎಂದು ಮದರಾಸಿನ ಸೆನ್ಸಾರ್ ಮಂಡಳಿ ಇದನ್ನು ತಡೆದಿತ್ತು. ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ನಡುವೆ ಬಂದ ಮೇಲೆಯೇ ಬಿಡುಗಡೆ. ಅದೇ ಚಿತ್ರಕ್ಕೆ 1970ರ ಅತ್ಯುತ್ತಮ ಚಿತ್ರ ಎಂಬ ರಾಷ್ಟ್ರಪ್ರಶಸ್ತಿ, ಕನ್ನಡಕ್ಕೆ ಮೊದಲನೆಯದು. ಎರಡನ್ನೂ ಅಚ್ಚು ಹಾಕಬೇಕಿತ್ತು.

ಕೆರಳುವುದೆಂದರೆ ಏನು ಎಂದು ಅಮ್ಮನನ್ನೇ ನೋಡುತ್ತಾ ಕುಳಿತಿದ್ದೆ. ಬ್ರಾಹ್ಮಣರ ಅಗ್ರಹಾರದಲ್ಲಿ ಆಚಾರ ಬಿಟ್ಟು ಬದುಕಿದ ನಾರಣಪ್ಪನ ಹೆಣ ಬಿದ್ದಿದೆ. ಸಂಸ್ಕಾರ ಯಾರು ಮಾಡಬೇಕು ಎಂದು ಗಿರೀಶ ಕಾರ್ನಾಡರ ಪ್ರಾಣೇಶಾಚಾರ್ಯರು ಗ್ರಂಥ ತಿರುವುತ್ತಿದ್ದಾರೆ. ಅಲ್ಲಿಯವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಅಮ್ಮ ಧರ್ಮದ ಮಾತೆತ್ತಲಿಲ್ಲ. “ಆ ಮನೆಗಳಲ್ಲಿ ಮಕ್ಕಳಿಲ್ಲವೇನೇ? ಅವಕ್ಕೆ ಏನು ಕೊಟ್ಟರು?” ಎಂದು ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು: “ನಮ್ಮ ಅತ್ತೆ ಹೋದ ದಿನ ಜಡಿಮಳೆ. ಹೆಣ ಎತ್ತುವಾಗ ಸಂಜೆಯಾಯಿತು. ನೀನು ಹಸಿವೆಯಿಂದ ಅತ್ತು ಅತ್ತು ಸುಸ್ತಾಗಿದ್ದೆ. ಕೊಟ್ಟಿಗೆಗೆ ಎತ್ತಿಕೊಂಡು ಹೋಗಿ ಒಂದು ಉಂಡೆ ಬೆಲ್ಲ ತಿನ್ನಿಸಿದೆ. ಮಾವನವರಿಗೆ ಕಡೆಯವರೆಗೂ ಹೇಳಲಿಲ್ಲ.”

ಇಷ್ಟು ವರ್ಷ ನನಗೂ ಹೇಳಿರಲಿಲ್ಲ. ಈ ಮಾತನ್ನು ಹೊರಗೆ ತಂದ ಚಿತ್ರವನ್ನು ಯಾರಾದರೂ ಧರ್ಮನಿಂದೆ ಎಂದರೆ ನಾನು ಒಪ್ಪುವುದಿಲ್ಲ.

ನಾರಣಪ್ಪನ ಜೊತೆ ಬಾಳಿದ ಚಂದ್ರಿಯ ಪಾತ್ರದ ಸ್ನೇಹಲತಾ ರೆಡ್ಡಿ ಅಮ್ಮನಿಗೆ ಬಹಳ ಹಿಡಿಸಿದರು. ಈಗ ಎಲ್ಲಿದ್ದಾರೆ ಎಂದು ಕೇಳಿದಾಗ ಹೇಳದೆ ವಿಧಿಯಿರಲಿಲ್ಲ: ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿಗೆ ಹಾಕಿದರು, ಉಬ್ಬಸದಿಂದ ನರಳಿದರು, ಹೊರಗೆ ಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರ ಹೆಂಡತಿ.

ಅಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ನಾರಣಪ್ಪನ ಸಂಸ್ಕಾರಕ್ಕೆಂದು ಚಂದ್ರಿ ಒಡವೆ ಬಿಚ್ಚಿಡುವ ಭಾಗವನ್ನು ಇನ್ನೊಮ್ಮೆ ಹಾಕಿಸಿಕೊಂಡು ನೋಡಿದರು.

ಕೊಳ್ಳಿ. ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ಮಾತು ತಕ್ಕಮಟ್ಟಿಗೆ ತಿಳಿಯುತ್ತದೆ. ಆ ಅಂಗಡಿಯಲ್ಲಿ ಇನ್ನೊಂದು ಪ್ರತಿ ಇತ್ತು.